ಎಳೆಯ ತೇಗ, ಹೆಬ್ಬೇವಿನ ತೋಪಿನಲ್ಲಿ ಎಲೆಯ ವಿಸ್ತೀರ್ಣ ಅಳೆಯುವ ಬಗೆ

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಕೆಂಪು ಮಣ್ಣಿನ ಹೊಲಗಳಲ್ಲಿ ತೇಗ, ಹೆಬ್ಬೇವು ನೆಟ್ಟವರನ್ನು ಗಿಡ ಹೇಗಿದೆ ಎಂದು ಕೇಳಿದರೆ ಎತ್ತರ ಹೇಳುತ್ತಾರೆ, ಇಲ್ಲವೇ ಸುತ್ತಳತೆ ಹೇಳುತ್ತಾರೆ. ಎರಡೂ ಬೇಕಾದ ಅಳತೆಗಳೇ. ಆದರೆ ಕೊಟ್ಟ ನೀರು, ಹಾಕಿದ ಗೊಬ್ಬರ ಗಿಡಕ್ಕೆ ತಾಗಿತೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತೋರಿಸುವುದು ಎಲೆ. ಕಾಂಡ ದಪ್ಪವಾಗುವುದು ಎಲೆ ದುಡಿದ ಮೇಲೆ. ಗಿಡ ದಿನಕ್ಕೆ ಎಷ್ಟು ನೀರು ಎಳೆಯುತ್ತದೆ, ಹನಿ ನೀರಾವರಿ ಎಷ್ಟು ಹೊತ್ತು ಬಿಡಬೇಕು, ಹುಳ ತಿಂದದ್ದರಿಂದ ಎಷ್ಟು ನಷ್ಟ, ಎರಡು ತಳಿಗಳಲ್ಲಿ ಯಾವುದು ಚುರುಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದು ಗಿಡದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಎಂಬಲ್ಲಿಗೆ.

ಇಲ್ಲಿ ಹೇಳುತ್ತಿರುವುದು ನಾಟಿಯಾಗಿ ಒಂದರಿಂದ ನಾಲ್ಕು ವರ್ಷವಾದ, ಕೊಂಬೆಗೆ ಕೊಂಬೆ ಇನ್ನೂ ತಾಗದ ತೋಪುಗಳ ಬಗ್ಗೆ. ಲಕ್ಷ ರೂಪಾಯಿಯ ಯಂತ್ರ ಇದಕ್ಕೆ ಬೇಡ. ಟೇಪು, ಕಾಗದ, ಒಳ್ಳೆಯ ತಕ್ಕಡಿ, ಜೊತೆಗೆ ತಾಳ್ಮೆ ಇದ್ದರೆ ಸಾಕು.

ಯಾವುದನ್ನು ಅಳೆಯುತ್ತೇವೆ

ಎಲೆಯ ವಿಸ್ತೀರ್ಣ ಎಂದರೆ ಒಂದೇ ಮಗ್ಗುಲಿನ ವಿಸ್ತೀರ್ಣ. ಮೇಲಿನದು, ಕೆಳಗಿನದು ಎರಡನ್ನೂ ಕೂಡಿಸಬಾರದು. ಒಂದು ಗಿಡದ ಎಲ್ಲ ಎಲೆಗಳ ವಿಸ್ತೀರ್ಣವನ್ನು ಆ ಗಿಡಕ್ಕೆ ಬಿಟ್ಟಿರುವ ನೆಲದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಎಲೆ ವಿಸ್ತೀರ್ಣ ಸೂಚ್ಯಂಕ. 1947ರಲ್ಲಿ ಡಿ. ಜೆ. ವಾಟ್ಸನ್ ಹೊಲದ ಬೆಳೆಗಳಿಗೆಂದು ಕೊಟ್ಟ ಈ ಅಳತೆ ಇಂದು ಕಾಡಿಗೂ ತೋಪಿಗೂ ಒಂದೇ. ಸೂಚ್ಯಂಕ 2 ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಎರಡು ಚದರ ಮೀಟರ್ ಎಲೆ ಹರಡಿದೆ ಎಂದರ್ಥ.

ಕೆಳಗೆ ನಿಂತು ಮೇಲೆ ನೋಡಿ ಅಳೆಯುವುದು ಇಲ್ಲಿ ಯಾಕೆ ಕೈಕೊಡುತ್ತದೆ

ಮರದಡಿ ನಿಂತು ಆಕಾಶದ ಕಡೆ ಫೋಟೊ ತೆಗೆಯುವುದು, ಅಥವಾ ಬೆಳಕು ಎಷ್ಟು ಕೆಳಗಿಳಿಯಿತು ಎಂದು ಅಳೆದು ಎಲೆಯ ಲೆಕ್ಕ ಹಾಕುವುದು ದೊಡ್ಡ ಮರಗಳಿಗೆ ರೂಢಿಯಲ್ಲಿರುವ ವಿಧಾನ. ಎಲೆ ಎಲ್ಲೆಡೆ ಒಂದೇ ಸಮನೆ ಹರಡಿಕೊಂಡಿದೆ ಎಂದು ಆ ಲೆಕ್ಕ ನಂಬುತ್ತದೆ. ಎಳೆಯ ತೋಪಿನಲ್ಲಿ ಹಾಗಿರುವುದಿಲ್ಲ. ಗಿಡದ ಮೇಲೆ ಎಲೆ ಗಿಡಿದಿರುತ್ತದೆ, ಸಾಲಿನ ನಡುವೆ ಬಯಲು.

ತಪ್ಪು ಎಷ್ಟು ದೊಡ್ಡದಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ನೆಲದ ಅರ್ಧ ಭಾಗದ ಮೇಲೆ ಸೂಚ್ಯಂಕ 4, ಉಳಿದರ್ಧ ಖಾಲಿ ಎಂದುಕೊಳ್ಳಿ. ನಿಜವಾದ ಸರಾಸರಿ 2. ಬೆಳಕು ತಡೆಯುವ ಗುಣಾಂಕ 0.5 ಎಂದು ಹಿಡಿದರೆ ಎಲೆಯಿದ್ದ ಕಡೆ 0.135 ಪಾಲು ಬೆಳಕು ಇಳಿಯುತ್ತದೆ, ಖಾಲಿ ಕಡೆ ಪೂರ್ತಿ 1. ಸರಾಸರಿ 0.568. ಇದರ ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು, 0.5ರಿಂದ ಭಾಗಿಸಿದರೆ ಸಿಗುವುದು 1.13. ಇದ್ದದ್ದು 2, ಲೆಕ್ಕ ತೋರಿಸಿದ್ದು 1.13. ಹತ್ತಿರಹತ್ತಿರ ಅರ್ಧ ಎಲೆ ಮಾಯ. ಉಪಕರಣ ಎಷ್ಟೇ ಒಳ್ಳೆಯದಿರಲಿ, ಈ ತಪ್ಪು ಉಪಕರಣದ್ದಲ್ಲ, ಲೆಕ್ಕದ್ದು. ಅದಕ್ಕೇ ಎಳೆಯ ತೋಪಿನಲ್ಲಿ ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಗಿಡಕ್ಕೆ, ಗಿಡದಿಂದ ತಾಕಿಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಯಾವಾಗ ಅಳೆಯಬೇಕು

ಚಿತ್ರದುರ್ಗ ಜಿಲ್ಲೆಯ ಹೆಚ್ಚಿನ ಭಾಗದಲ್ಲಿ ನೆಚ್ಚಿಕೊಳ್ಳುವ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹುಬ್ಬೆ, ಉತ್ತರೆ ಮಳೆ ಬಿದ್ದು ಚಿಗುರು ಬಲಿತು ಎಲೆ ಪೂರ್ತಿ ಅಗಲವಾಗಿರುವ ಹಸ್ತ, ಚಿತ್ತೆಯ ದಿನಗಳು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ, ವರ್ಷದ ಗರಿಷ್ಠ ಎಲೆ ಅಳೆಯಲು ಹೇಳಿಮಾಡಿಸಿದ ಹೊತ್ತು. ಚಳಿ ಮುಗಿಯುವ ಹೊತ್ತಿಗೆ ತೇಗವೂ ಹೆಬ್ಬೇವೂ ಎಲೆ ಉದುರಿಸಿಕೊಂಡು ನಿಂತಿರುತ್ತವೆ. ಆಗಿನ ಅಳತೆಯನ್ನು ಅಕ್ಟೋಬರಿನ ಅಳತೆಯ ಜೊತೆ ಹೋಲಿಸುವಂತಿಲ್ಲ.

ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಗೆ ತೇಗದ ದೊಡ್ಡ ಎಲೆ ಅಂಚು ಹರಿದು, ಒಂದಕ್ಕೊಂದು ತಿಕ್ಕಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊಂಬೆ ಹಿಡಿದು ಎಲೆ ಎಣಿಸುವುದೂ ಕಷ್ಟ. ಆ ತಿಂಗಳುಗಳ ಅಳತೆ ಬೇಕೇ ಬೇಕಿದ್ದರೆ ಬೆಳಗಿನ ಜಾವವೇ ಗತಿ.

ದಿನದ ಹೊತ್ತೂ ಮುಖ್ಯ. ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಎಲೆ ಕೊಯ್ಯುವ ಕೆಲಸ ಮುಗಿಸಿ. ಬಿಸಿಲೇರಿದ ಮೇಲೆ ಎಲೆ ಬಾಡಿ ಮುದುರುತ್ತದೆ. ಇಬ್ಬನಿ ಇದ್ದರೆ ಬಟ್ಟೆಯಲ್ಲಿ ಒರೆಸಿಯೇ ತೂಗಬೇಕು.

ಕೈಯಲ್ಲಿ ಇರಬೇಕಾದ್ದು

ಮಿಲಿಮೀಟರ್ ಗುರುತಿರುವ 60 ಸೆಂ.ಮೀ. ಸ್ಟೀಲ್ ಸ್ಕೇಲು, 30 ಮೀಟರ್ ಟೇಪು, ವರ್ನಿಯರ್ ಕ್ಯಾಲಿಪರ್, 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಕಿಲೋ ಲೆಕ್ಕದ ತೂಕಕ್ಕೆ ಇನ್ನೊಂದು ತಕ್ಕಡಿ, ಕೊಂಬೆ ಕತ್ತರಿ, ದೋಟಿ, ಒದ್ದೆ ಗೋಣಿಚೀಲ, ಹಳೆ ಪತ್ರಿಕೆ, 75 ಜಿಎಸ್‌ಎಂ ಎ4 ಹಾಳೆಯ ಒಂದು ಕಟ್ಟು, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್, ಗಿಡಕ್ಕೆ ಗುರುತು ಹಾಕಲು ಬಣ್ಣ. ಪೆನ್ ಬೇಡ, ಮಂಜಿಗೆ ಶಾಯಿ ಹರಡುತ್ತದೆ. ತೇಗದ ಎಳೆ ಎಲೆ ಕೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ, ಕಾಗದಕ್ಕೂ ಹತ್ತುತ್ತದೆ. ಬರೆಯುವವರು ಒಬ್ಬರು, ಎಲೆ ಮುಟ್ಟುವವರು ಒಬ್ಬರು ಎಂದು ಮೊದಲೇ ಹಂಚಿಕೊಂಡರೆ ನೋಟ್‌ಬುಕ್ ಓದುವಂತೆ ಉಳಿಯುತ್ತದೆ.

ತಾಕು ಗುರುತಿಸುವುದು

ಬದು, ರಸ್ತೆ, ಬಾವಿಯ ಪಕ್ಕದ ಎರಡು ಸಾಲು ಬಿಟ್ಟು ಒಳಗೆ ಹೋಗಿ. ಅಂಚಿನ ಗಿಡಕ್ಕೆ ಬೆಳಕು, ನೀರು ಎರಡೂ ಹೆಚ್ಚು, ಎಲೆಯೂ ಹೆಚ್ಚು. ಆರು ಸಾಲು, ಸಾಲಿಗೆ ಆರು ಗಿಡ, ಒಟ್ಟು 36 ಗಿಡದ ತಾಕು ಗುರುತಿಸಿ. ಹತ್ತಡಿಗೆ ಹತ್ತಡಿ ನಾಟಿಯಾಗಿದ್ದರೆ ಒಂದು ಗಿಡದ ಪಾಲು 100 ಚದರ ಅಡಿ, ಅಂದರೆ 9.29 ಚದರ ಮೀಟರ್. ತಾಕಿನ ಒಟ್ಟು ವಿಸ್ತೀರ್ಣ 334 ಚದರ ಮೀಟರ್.

ಇಲ್ಲೇ ತುಂಬ ಜನ ಎಡವುತ್ತಾರೆ. ಅಂಚಿನ ಗಿಡದ ಬುಡದಿಂದ ಎದುರಂಚಿನ ಗಿಡದ ಬುಡಕ್ಕೆ ಟೇಪು ಹಿಡಿದರೆ ಸಿಗುವುದು ಐದು ಅಂತರ, ಆರಲ್ಲ. ಐದೈದಲ 25 ಪಾಲು ನೆಲಕ್ಕೆ 36 ಗಿಡದ ಎಲೆ ಹಂಚಿದಂತಾಗಿ ಸೂಚ್ಯಂಕ ಶೇ 44ರಷ್ಟು ಉಬ್ಬುತ್ತದೆ. ತಾಕಿನ ಗಡಿ ಅಂಚಿನ ಗಿಡದಿಂದ ಆಚೆಗೆ ಅರ್ಧ ಅಂತರದಲ್ಲಿ, ಇಲ್ಲಿ ಐದಡಿ ಆಚೆ, ಬರಬೇಕು. ನಾಟಿಯ ಅಂತರವನ್ನೂ ನೆಟ್ಟವರ ಮಾತಿನ ಮೇಲೆ ಬರೆದುಕೊಳ್ಳಬೇಡಿ. ಹತ್ತು ಗಿಡದ ಸಾಲನ್ನು ಟೇಪು ಹಿಡಿದು ಅಳೆದು ಒಂಬತ್ತರಿಂದ ಭಾಗಿಸಿ. ಹತ್ತಡಿ ಎಂದದ್ದು ಒಂಬತ್ತೂವರೆ ಇರುವುದು ಅಪರೂಪವಲ್ಲ.

ಸತ್ತ ಗಿಡದ ಜಾಗವನ್ನು ವಿಸ್ತೀರ್ಣದಿಂದ ಕಳೆಯಬಾರದು. ಎಲೆ ಸೊನ್ನೆ ಎಂದು ಬರೆಯಿರಿ, ನೆಲ ಹಾಗೇ ಇರಲಿ.

ಬಳಿಕ 36 ಗಿಡಗಳ ಬುಡದ ವ್ಯಾಸ ತೆಗೆಯಿರಿ. ನೆಲದಿಂದ 10 ಸೆಂ.ಮೀ. ಮೇಲೆ, ಸಾಲಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಕ್ಯಾಲಿಪರ್ ಹಿಡಿದು ಸರಾಸರಿ ಮಾಡಿ. ತೇಗದ ಬುಡ ದುಂಡಗಿರುವುದು ಕಡಿಮೆ, ಒಂದೇ ದಿಕ್ಕಿನ ಅಳತೆ ನಂಬುವಂತಿಲ್ಲ. ಬುಡಕ್ಕೆ ಮಣ್ಣು ಏರಿಸಿದ್ದರೆ ಮೊದಲು ಸರಿಸಿ. ಮಣ್ಣಿನ ಮೇಲಿಂದ 10 ಸೆಂ.ಮೀ. ಅಳೆದರೆ ಒಂದು ಗಿಡದಲ್ಲಿ 10, ಇನ್ನೊಂದರಲ್ಲಿ 25 ಸೆಂ.ಮೀ. ಎತ್ತರದ ವ್ಯಾಸ ಸಿಕ್ಕಿ ಮುಂದಿನ ಲೆಕ್ಕವೆಲ್ಲ ಅಲುಗಾಡುತ್ತದೆ. ಅಳೆದ ಜಾಗಕ್ಕೆ ಬಣ್ಣದ ಉಂಗುರ ಬಳಿಯಿರಿ. ಗಿಡ ಎತ್ತರವಾದ ಮೇಲೆ ಎದೆಮಟ್ಟದ, ಅಂದರೆ 1.37 ಮೀಟರ್‌ನ ಅಳತೆಯನ್ನೂ ಪಕ್ಕದಲ್ಲೇ ಬರೆಯುತ್ತ ಹೋಗಿ.

ವ್ಯಾಸದ ಪ್ರಕಾರ ಗಿಡಗಳನ್ನು ಸಣ್ಣ, ನಡು, ದಪ್ಪ ಎಂದು ಮೂರು ಸಮ ಗುಂಪು ಮಾಡಿ, ಒಂದೊಂದು ಗುಂಪಿನಿಂದ ನಾಲ್ಕನ್ನು ಚೀಟಿ ಎತ್ತಿ ಆರಿಸಿ. ಕಣ್ಣಿಗೆ ಚೆಂದ ಕಂಡ ಗಿಡ ಆರಿಸಿದರೆ ತೋಪಿನ ಎಲೆ ಕಾಗದದ ಮೇಲೆ ಮಾತ್ರ ಹೆಚ್ಚುತ್ತದೆ.

ಎಲೆಯ ಗುಣಾಂಕ: ಎಲ್ಲಕ್ಕೂ ತಳಪಾಯ

ಎಲೆಯ ಉದ್ದವನ್ನು ಅಗಲದಿಂದ ಗುಣಿಸಿದರೆ ಆಯತದ ವಿಸ್ತೀರ್ಣ ಸಿಗುತ್ತದೆ. ಎಲೆ ಆ ಆಯತದ ಎಷ್ಟು ಪಾಲು ತುಂಬಿದೆ ಎಂಬುದೇ ಗುಣಾಂಕ. ಪಕ್ಕಾ ಅಂಡಾಕಾರಕ್ಕೆ ಅದು 0.785, ತ್ರಿಕೋನಕ್ಕೆ 0.5. ಅಗಲ ಎಲೆಯ ಮರಗಳಲ್ಲಿ ಬಹುಪಾಲು 0.6ರಿಂದ 0.8ರ ನಡುವೆ ಬೀಳುತ್ತದೆ. ಎಲ್ಲೋ ಓದಿದ ಗುಣಾಂಕ ತಂದು ಹಾಕುವ ಬದಲು ನಿಮ್ಮ ತೋಪಿನದೇ ತೆಗೆಯಿರಿ. ಒಂದು ಬೆಳಗಿನ ಕೆಲಸ ಅಷ್ಟೆ, ಮತ್ತೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಬೇರೆಬೇರೆ ಗಿಡ, ಬೇರೆಬೇರೆ ಎತ್ತರದಿಂದ 50 ಎಲೆ ಕೊಯ್ಯಿರಿ. ಅಂಗೈಗಿಂತ ಚಿಕ್ಕದರಿಂದ ಹಿಡಿದು ಮೊಳದುದ್ದದ ಎಲೆಯವರೆಗೆ ಎಲ್ಲ ಅಳತೆಯವೂ ಇರಲಿ. ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಒದ್ದೆ ಗೋಣಿಯೊಳಗಿಟ್ಟು ನೆರಳಿಗೆ ತನ್ನಿ. ಕೊಯ್ದ ಎರಡು ಗಂಟೆಯೊಳಗೆ ಅಳೆದು ಮುಗಿಸಿ.

ಉದ್ದ ಎಂದರೆ ತೊಟ್ಟು ಬಿಟ್ಟು, ಎಲೆಯ ಹಸಿರು ಶುರುವಾಗುವಲ್ಲಿಂದ ನಡುನರದ ಗುಂಟ ತುದಿಯವರೆಗೆ. ತೇಗದಲ್ಲಿ ಎಲೆಯ ಬುಡ ಸಪೂರವಾಗುತ್ತ ತೊಟ್ಟಿನ ಮೇಲೆ ಇಳಿದು ಬಂದಿರುತ್ತದೆ. ಆ ಸಪೂರ ಪಟ್ಟಿಯನ್ನು ಒಬ್ಬರು ಎಲೆಗೆ ಸೇರಿಸಿ, ಇನ್ನೊಬ್ಬರು ತೊಟ್ಟಿಗೆ ಬಿಟ್ಟರೆ ಒಂದೇ ಎಲೆಯ ಉದ್ದದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಪಟ್ಟಿ ಒಂದು ಬೆರಳಿನಷ್ಟು ಅಗಲವಾದಲ್ಲಿಂದ ಉದ್ದ ಶುರು ಎಂದು ಮೊದಲೇ ಗೊತ್ತುಮಾಡಿಕೊಂಡು ಎಲ್ಲರೂ ಹಾಗೇ ಹಿಡಿಯಿರಿ. ಅಗಲ ಎಂದರೆ ನಡುನರಕ್ಕೆ ನೇರ ಅಡ್ಡವಾಗಿ, ಎಲ್ಲಿ ಅತಿ ಅಗಲವೋ ಅಲ್ಲಿ.

ಇನ್ನು ನಿಜವಾದ ವಿಸ್ತೀರ್ಣ. ಎಲೆಯನ್ನು ಹಾಳೆಯ ಮೇಲೆ ಅಂಗಾತ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಅಂಚು ಬರೆದು ಕತ್ತರಿಸಿ ತೂಗಿ. ಎಲೆ ದೊಡ್ಡದಾದರೆ ಹಾಳೆಗಳನ್ನು ಅಂಚಿಗೆ ಅಂಚು ಜೋಡಿಸಿ, ಮೇಲೆ ಎಲೆಯಿಟ್ಟು ಬರೆದು, ತುಂಡುಗಳನ್ನು ಒಟ್ಟಿಗೆ ತೂಗಿ. ಅಂಟು, ಟೇಪು ಬಳಸಬೇಡಿ, ಅದರ ತೂಕವೂ ಸೇರಿಬಿಡುತ್ತದೆ. 75 ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ 75 ಗ್ರಾಂ, ಹಾಗಾಗಿ ಒಂದು ಗ್ರಾಂಗೆ ಸುಮಾರು 133 ಚದರ ಸೆಂ.ಮೀ. ಆದರೆ ಕಟ್ಟಿನ ಮೇಲೆ ಅಚ್ಚಾದ ಸಂಖ್ಯೆ ನಂಬಿ ಕೂರಬೇಡಿ. ಮಳೆಗಾಲದಲ್ಲಿ ಕಾಗದ ತೇವ ಹೀರಿ ತೂಕ ಏರುತ್ತದೆ. ಅದೇ ಕಟ್ಟಿನ ಹಾಳೆಯಿಂದ 20 ಸೆಂ.ಮೀ. ಚೌಕ ಕತ್ತರಿಸಿ ಎಲೆಯ ಆಕಾರದ ಜೊತೆಯಲ್ಲೇ ತೂಗಿ. ಅದರ ವಿಸ್ತೀರ್ಣ 400 ಚದರ ಸೆಂ.ಮೀ. ಎಂದು ಖಚಿತವಾಗಿ ಗೊತ್ತು.

ಲೆಕ್ಕ ಅರ್ಥವಾಗಲೆಂದು ಒಂದು ಎಲೆ: ಉದ್ದ 42, ಅಗಲ 27 ಸೆಂ.ಮೀ., ಗುಣಲಬ್ಧ 1134. ಚೌಕದ ತೂಕ 3.0 ಗ್ರಾಂ, ಎಲೆಯಾಕಾರದ ಕಾಗದದ ತೂಕ 5.6 ಗ್ರಾಂ. 5.6ನ್ನು 3.0ರಿಂದ ಭಾಗಿಸಿ 400ರಿಂದ ಗುಣಿಸಿದರೆ 747 ಚದರ ಸೆಂ.ಮೀ. ಅದನ್ನು 1134ರಿಂದ ಭಾಗಿಸಿದರೆ ಗುಣಾಂಕ 0.66. ಹೀಗೆ ಐವತ್ತೂ ಎಲೆಯ ವಿಸ್ತೀರ್ಣ ಕೂಡಿಸಿ, ಐವತ್ತೂ ಗುಣಲಬ್ಧಗಳ ಮೊತ್ತದಿಂದ ಭಾಗಿಸಿದರೆ ತೋಪಿನ ಗುಣಾಂಕ ಸಿಕ್ಕಿತು. ಸಣ್ಣ ಎಲೆಗಳದೊಂದು, ದೊಡ್ಡವುಗಳದೊಂದು ಬೇರೆಬೇರೆ ತೆಗೆದು ನೋಡಿ. ಎರಡರ ನಡುವೆ 0.03ಕ್ಕಿಂತ ಹೆಚ್ಚು ಅಂತರವಿದ್ದರೆ ಎರಡು ಗುಣಾಂಕ ಇಟ್ಟುಕೊಳ್ಳುವುದೇ ಸರಿ. ನೀಲಗಿರಿಯಲ್ಲಂತೂ ಎಳೆಗಿಡದ ಅಗಲ ಎಲೆಗೂ ಬಲಿತ ಮೇಲಿನ ಕತ್ತಿಯಂಥ ಎಲೆಗೂ ಎರಡು ಗುಣಾಂಕ ಬೇಕೇಬೇಕು.

ಮೊಬೈಲಿನಲ್ಲಿ ಮಾಡುವುದಾದರೆ ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು, ಮೇಲೆ ಗಾಜು ಒತ್ತಿ, ಪಕ್ಕದಲ್ಲೇ 10 ಸೆಂ.ಮೀ. ಕರಿ ಚೌಕ ಇಟ್ಟು, ಒಂದು ಮೀಟರ್ ಮೇಲಿಂದ ಫೋನು ನೆಲಕ್ಕೆ ಸಮವಾಗಿ ಹಿಡಿದು ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚಿನ ಭಾಗ ಹಿಗ್ಗುತ್ತದೆ. ಪಡಸಾಲೆಯ ನೆರಳಿನಲ್ಲಿ ತೆಗೆಯಿರಿ. ಬಿಸಿಲಿನಲ್ಲಿ ಎಲೆಯ ನೆರಳನ್ನೂ ಕಂಪ್ಯೂಟರ್ ಎಲೆಯೆಂದೇ ಎಣಿಸುತ್ತದೆ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಚೌಕದ ಅಳತೆ ಕೊಟ್ಟರೆ ಎಲೆಯ ವಿಸ್ತೀರ್ಣ ತಾನೇ ಹೇಳುತ್ತದೆ. ಶುರುಮಾಡುವ ಮೊದಲು 400 ಚದರ ಸೆಂ.ಮೀ. ಕಾಗದವನ್ನೇ ಹೀಗೆ ಅಳೆದು ನೋಡಿ. 392ರಿಂದ 408ರೊಳಗೆ ಬಂದರೆ ಮುಂದುವರಿಯಿರಿ, ಇಲ್ಲದಿದ್ದರೆ ಫೋನು ಹಿಡಿದ ರೀತಿ ತಿದ್ದಿಕೊಳ್ಳಿ. ಸಣ್ಣ ಎಲೆಗೆ ಸ್ಕ್ಯಾನರ್ ಇನ್ನೂ ಒಳ್ಳೆಯದು. 150 ಡಿಪಿಐ, ಅಂದರೆ ಇಂಚಿಗೆ 150 ಚುಕ್ಕೆ ಸಾಕು, ಅದರಲ್ಲಿ ಒಂದು ಚದರ ಸೆಂ.ಮೀ.ಗೆ ಸುಮಾರು 3,490 ಚುಕ್ಕೆ ಸಿಗುತ್ತವೆ.

ಒಂದೆರಡು ವರ್ಷದ ತೇಗ: ಎಲೆ ಕೊಯ್ಯದೆ

ತೇಗದ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಒಂದು ಜೋಡಿ ಪೂರ್ವ-ಪಶ್ಚಿಮವಾದರೆ ಮೇಲಿನದು ಉತ್ತರ-ದಕ್ಷಿಣ. ಎಳೆಗಿಡದಲ್ಲಿ ಕೊಂಬೆ ಕಡಿಮೆ. ಹಾಗಾಗಿ ಬುಡದಿಂದ ಸುಳಿಯವರೆಗೆ ಜೋಡಿ ಜೋಡಿಯಾಗಿ ಪ್ರತಿ ಎಲೆಯನ್ನೂ ಗಿಡದ ಮೇಲೇ ಅಳೆಯಬಹುದು. ಒಂದು ಜೋಡಿ ಅಳೆದ ಕೂಡಲೇ ಕೆಳಗಿನ ಗೆಣ್ಣಿಗೆ ಸೀಮೆಸುಣ್ಣದ ಗೀಟು ಹಾಕಿ, ಎಣಿಕೆ ತಪ್ಪುವುದಿಲ್ಲ. ಸುಳಿಯ ಹತ್ತಿರ 5 ಸೆಂ.ಮೀ.ಗಿಂತ ಚಿಕ್ಕವನ್ನು ಬಿಟ್ಟರೂ ಮೊತ್ತ ಅಲುಗುವುದಿಲ್ಲ.

ಎಲೆಗಳ ಸರಾಸರಿ ಉದ್ದವನ್ನು ಸರಾಸರಿ ಅಗಲದಿಂದ ಗುಣಿಸಿ ಎಲೆಯ ಸಂಖ್ಯೆಯಿಂದ ಗುಣಿಸುವ ಅಡ್ಡದಾರಿ ಹಿಡಿಯಬೇಡಿ. ಒಂದು ಎಲೆ 10ಕ್ಕೆ 6, ಇನ್ನೊಂದು 50ಕ್ಕೆ 34 ಎಂದುಕೊಳ್ಳಿ. ಗುಣಲಬ್ಧ 60 ಮತ್ತು 1700, ಸರಾಸರಿ 880. ಅಡ್ಡದಾರಿಯಲ್ಲಿ ಉದ್ದ 30, ಅಗಲ 20, ಗುಣಲಬ್ಧ 600. ಮೂರನೇ ಒಂದು ಪಾಲು ಎಲೆ ಲೆಕ್ಕದಿಂದ ಜಾರಿತು. ಪ್ರತಿ ಎಲೆಯದನ್ನೂ ಗುಣಿಸಿ ಆಮೇಲೆ ಕೂಡಿಸಿ.

ಒಂದು ಗಿಡದಲ್ಲಿ 24 ಜೋಡಿ, 48 ಎಲೆ, ಗುಣಲಬ್ಧಗಳ ಮೊತ್ತ 43,200 ಬಂತೆನ್ನಿ. 0.66ರಿಂದ ಗುಣಿಸಿದರೆ 28,512 ಚದರ ಸೆಂ.ಮೀ., ಅಂದರೆ 2.85 ಚದರ ಮೀಟರ್. 9.29ರಿಂದ ಭಾಗಿಸಿದರೆ ಆ ಗಿಡದ ಪಾಲಿನ ಸೂಚ್ಯಂಕ 0.31.

ಹುಳದ ಹಾನಿಯನ್ನು ಬೇರೆ ಕಾಲಂನಲ್ಲಿ ಬರೆಯಿರಿ. ತೇಗಕ್ಕೆ ಎರಡು ಬಗೆಯ ಹುಳದ ಕಾಟ. ಒಂದು ಎಲೆಯನ್ನು ನರ ಬಿಟ್ಟು ಪೂರ್ತಿ ತಿಂದುಹಾಕುತ್ತದೆ, ಮುಂಗಾರಿನ ಹೊಸ ಚಿಗುರಿಗೆ ಬೀಳುತ್ತದೆ. ಇನ್ನೊಂದು ಮಳೆಗಾಲದ ಕೊನೆಗೆ ಬಂದು ಎಲೆಯ ಹಸಿರನ್ನು ಕೆರೆದು ತಿಂದು, ನರಗಳ ಜಾಲರಿಯನ್ನಷ್ಟೇ ಉಳಿಸುತ್ತದೆ. ಈ ಎರಡನೆಯದು ಅಳೆಯುವವರನ್ನು ಮೋಸಗೊಳಿಸುತ್ತದೆ. ಅಂಚು ಹಾಗೇ ಇರುವುದರಿಂದ ಉದ್ದ ಅಗಲ ಬದಲಾಗುವುದಿಲ್ಲ, ಆದರೆ ಎತ್ತಿ ಹಿಡಿದರೆ ಎಲೆಯ ಮೂಲಕ ಆಚೆಯವರ ಮುಖ ಕಾಣುತ್ತದೆ. ಅಂಥ ಎಲೆಗೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಹಾನಿ ಎಂದು ಗುರುತು ಹಾಕಿ, ಒಟ್ಟು ವಿಸ್ತೀರ್ಣ ಒಂದು, ಹಸಿರು ಉಳಿದ ವಿಸ್ತೀರ್ಣ ಒಂದು ಎಂದು ಎರಡೂ ತೆಗೆಯಿರಿ.

ಕೊಂಬೆ ಒಡೆದ ಮೇಲೆ

ಮೂರನೇ ವರ್ಷದ ಹೊತ್ತಿಗೆ ಪ್ರತಿ ಎಲೆ ಅಳೆಯುವುದು ಆಗದ ಮಾತು. ಆಗ ಕೊಂಬೆಯ ಬುಡದ ವ್ಯಾಸದಿಂದ ಎಲೆಯ ಲೆಕ್ಕ ಹಾಕಬೇಕು. ಎಲೆಗೆ ನೀರು ಹೋಗುವುದು ಕೊಂಬೆಯ ಮೂಲಕ, ದಪ್ಪ ಕೊಳವೆ ಹೆಚ್ಚು ಎಲೆ ಸಾಕುತ್ತದೆ. ಜಪಾನಿನ ಶಿನೊಝಾಕಿ ಮತ್ತು ಸಂಗಡಿಗರು 1964ರಲ್ಲಿ ಇದೇ ತರ್ಕವನ್ನು ಕೊಳವೆಗಳ ಕಟ್ಟಿನ ಮಾದರಿಯಾಗಿ ಮುಂದಿಟ್ಟರು.

ಆರು ಗಿಡ, ಗಿಡಕ್ಕೆ ನಾಲ್ಕು, ಒಟ್ಟು 24 ಕೊಂಬೆ ಆರಿಸಿ. ಕೆಳಗಿನ, ನಡುವಿನ, ಮೇಲಿನ ಮೂರೂ ಹಂತದ ಕೊಂಬೆ ಇರಬೇಕು. ಕೆಳಗಿನ ಕೊಂಬೆ ನೆರಳಿನಲ್ಲಿ ಎಲೆ ಉದುರಿಸಿಕೊಂಡಿರುತ್ತದೆ, ಅದೇ ದಪ್ಪದ ಮೇಲಿನ ಕೊಂಬೆಯಷ್ಟು ಎಲೆ ಅದರಲ್ಲಿರದು. ಕಾಂಡಕ್ಕೆ ಕೂಡುವಲ್ಲಿನ ಉಬ್ಬು ದಾಟಿ 3 ಸೆಂ.ಮೀ. ಆಚೆ ವ್ಯಾಸ ಅಳೆಯಿರಿ. ಆ ಕೊಂಬೆಯ ಎಲ್ಲ ಎಲೆ ಅಳೆದು ವಿಸ್ತೀರ್ಣ ಬರೆಯಿರಿ. ಬಳಿಕ ಎಕ್ಸೆಲ್ ಹಾಳೆಯಲ್ಲಿ ವ್ಯಾಸ, ವಿಸ್ತೀರ್ಣ ಎರಡರ ಸ್ವಾಭಾವಿಕ ಲಾಗರಿದಮ್ ತೆಗೆದು ಸ್ಲೋಪ್ (ಗೆರೆಯ ಇಳಿಜಾರು), ಇಂಟರ್‌ಸೆಪ್ಟ್ (ಗೆರೆ ಶುರುವಾಗುವ ಮಟ್ಟ), ಎಸ್‌ಟಿಇವೈಎಕ್ಸ್ (ಅಂಕಿಗಳು ಗೆರೆಯಿಂದ ಎಷ್ಟು ಚದುರಿವೆ ಎಂಬುದು) ಎಂಬ ಮೂರು ಸೂತ್ರ ಹಾಕಿ.

ಸ್ಲೋಪ್ 1.9, ಇಂಟರ್‌ಸೆಪ್ಟ್ 3.2 ಬಂದಿದೆ ಎನ್ನಿ. 15 ಮಿ.ಮೀ. ಕೊಂಬೆಗೆ 15ರ ಲಾಗರಿದಮ್ 2.708, ಅದನ್ನು 1.9ರಿಂದ ಗುಣಿಸಿ 3.2 ಕೂಡಿಸಿದರೆ 8.345. ಇದನ್ನು ಲಾಗರಿದಮ್‌ನಿಂದ ಹಿಂದಕ್ಕೆ ತಿರುಗಿಸಿದರೆ ಸುಮಾರು 4,210 ಚದರ ಸೆಂ.ಮೀ. ಇಷ್ಟಕ್ಕೇ ನಿಲ್ಲಬಾರದು. ಲಾಗರಿದಮ್‌ನಿಂದ ಮರಳುವಾಗ ಸರಾಸರಿ ಕೆಳಗೆ ಜಗ್ಗುತ್ತದೆ. ಎಸ್‌ಟಿಇವೈಎಕ್ಸ್ 0.25 ಇದ್ದರೆ 1.03ರಿಂದ, 0.40 ಇದ್ದರೆ 1.08ರಿಂದ ಗುಣಿಸಬೇಕು. ಸೂತ್ರ ಸುಲಭ: ಅದರ ವರ್ಗದ ಅರ್ಧವನ್ನು ಎಕ್ಸ್‌ಪಿ ಫಂಕ್ಷನ್ನಿಗೆ ಕೊಡಿ.

ಇನ್ನು ಆರಿಸಿದ ಹನ್ನೆರಡು ಗಿಡಗಳ ಎಲ್ಲ ಕೊಂಬೆಯ ವ್ಯಾಸ ಅಳೆದು, ಸಮೀಕರಣಕ್ಕೆ ಹಾಕಿ, ನೇರ ಕಾಂಡದ ಮೇಲಿನ ಎಲೆಗಳನ್ನು ಬೇರೆಯಾಗಿ ಕೂಡಿಸಿ ಗಿಡದ ಮೊತ್ತ ತೆಗೆಯಿರಿ. ಕಾಂಡದ ಎಲೆ ಮರೆಯುವುದು ಸಾಮಾನ್ಯ ತಪ್ಪು, ತೇಗದಲ್ಲಿ ಅದು ಸಣ್ಣ ಪಾಲಲ್ಲ. ಸಮೀಕರಣ ಮಾಡಿದ ಕೊಂಬೆಗಳು 8ರಿಂದ 25 ಮಿ.ಮೀ. ಇದ್ದರೆ 35 ಮಿ.ಮೀ. ಕೊಂಬೆಗೆ ಅದನ್ನು ಅನ್ವಯಿಸಬೇಡಿ, ಅಂಥದ್ದನ್ನು ನೇರವಾಗಿ ಅಳೆಯಿರಿ. ಅಕ್ಟೋಬರಿನ ಸಮೀಕರಣ ಡಿಸೆಂಬರಿಗೆ ನಡೆಯದು. ಕೊಂಬೆ ಅಷ್ಟೇ ದಪ್ಪ ಇರುತ್ತದೆ, ಎಲೆ ಆಗಲೇ ಉದುರತೊಡಗಿರುತ್ತದೆ.

ಹೆಬ್ಬೇವು: ತೂಗಿ ಅಳೆಯುವುದು

ಹೆಬ್ಬೇವಿನ ಎಲೆ ಎರಡು ಮೂರು ಬಾರಿ ಕವಲೊಡೆದ ದೊಡ್ಡ ಎಲೆ. ನೋಡಲು ಒಂದು ಕೊಂಬೆಯಂತೆ ಕಂಡರೂ ಎಲೆ ಒಂದೇ, ಉಳಿದವೆಲ್ಲ ಕಿರುಎಲೆಗಳು. ಉದ್ದ ಅಗಲದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಇಲ್ಲಿ ತಕ್ಕಡಿಯೇ ಆಧಾರ.

ತೋಪು ತೆಳುಗೊಳಿಸಲು ಹೇಗೂ ತೆಗೆಯುವ ಗಿಡಗಳಿದ್ದರೆ ಅವನ್ನೇ ಬಳಸಿಕೊಳ್ಳಿ. ಬೆಳಗ್ಗೆ ಗಿಡದ ಎಲೆ ಪೂರ್ತಿ ಕೊಯ್ದು, ಕಿರುಎಲೆಗಳನ್ನು ಕಡ್ಡಿಯಿಂದ ಸವರಿ ಬೇರೆ ಮಾಡಿ. ಕಡ್ಡಿ ದಪ್ಪಗೆ, ನೀರು ತುಂಬಿಕೊಂಡಿರುತ್ತದೆ. ಅದನ್ನೂ ಸೇರಿಸಿ ತೂಗಿದರೆ ತೂಕ ಎಲೆಯದೋ ಕಡ್ಡಿಯದೋ ಗೊತ್ತಾಗುವುದಿಲ್ಲ. ಕಿರುಎಲೆಗಳನ್ನೆಲ್ಲ ಗೋಣಿಯ ಮೇಲೆ ಚೆನ್ನಾಗಿ ಕಲೆಸಿ ಒಟ್ಟು ತೂಕ ತೆಗೆದ ಕೂಡಲೇ ಅದರಿಂದ 50 ಗ್ರಾಂ ಎತ್ತಿಕೊಳ್ಳಿ. ಕಲೆಸದೆ ಮೇಲಿಂದ ಎತ್ತಿದರೆ ಕೊನೆಗೆ ಹಾಕಿದ ಸುಳಿಯ ತೆಳು ಎಲೆಗಳೇ ಕೈಗೆ ಬರುತ್ತವೆ. ಈ 50 ಗ್ರಾಮನ್ನು ಸ್ಕ್ಯಾನರ್ ಅಥವಾ ಫೋಟೊದಲ್ಲಿ ಅಳೆಯಿರಿ. 2,900 ಚದರ ಸೆಂ.ಮೀ. ಬಂದು, ಒಟ್ಟು ತೂಕ 3.2 ಕಿಲೋ ಇದ್ದರೆ 3200ನ್ನು 50ರಿಂದ ಭಾಗಿಸಿ 64, ಅದನ್ನು 2,900ರಿಂದ ಗುಣಿಸಿ 1,85,600 ಚದರ ಸೆಂ.ಮೀ., ಅಂದರೆ 18.56 ಚದರ ಮೀಟರ್. ಹತ್ತಡಿ ಅಂತರದಲ್ಲಿ ಸೂಚ್ಯಂಕ 2.0.

ಈ ವಿಧಾನ ಕೆಡುವುದು ಬಾಡುವಿಕೆಯಿಂದ. ಒಟ್ಟು ತೂಕ ಏಳು ಗಂಟೆಗೆ ತೆಗೆದು, 50 ಗ್ರಾಂ ಹನ್ನೊಂದು ಗಂಟೆಗೆ ಎತ್ತಿಕೊಂಡರೆ ಆ 50 ಗ್ರಾಂ ಬಾಡಿದ ಎಲೆ ಬೆಳಗ್ಗೆ 56 ಗ್ರಾಂ ಇದ್ದಿರಬಹುದು. ಗಿಡದ ಎಲೆ ಶೇ 12ರಷ್ಟು ಸುಳ್ಳೇ ಹೆಚ್ಚಿತು. ಎರಡೂ ತೂಕ ಒಂದೇ ಹೊತ್ತಿಗೆ, ಒಂದರ ಹಿಂದೊಂದು ಆಗಲೇಬೇಕು. ವಿಸ್ತೀರ್ಣ ಆಮೇಲೆ ಅಳೆದರೂ ನಡೆದೀತು, ಎಲೆ ಒದ್ದೆ ಬಟ್ಟೆಯಲ್ಲಿ ಮುದುರದೆ ಇದ್ದರೆ ಸರಿ. ಕಾಲೇಜಿನ ಪ್ರಯೋಗಾಲಯದ ಒಲೆ ಸಿಕ್ಕರೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಒಣಗಿಸಿ ಒಣತೂಕದ ಲೆಕ್ಕ ಹಾಕಿ. ಆಗ ಬಾಡುವಿಕೆಯ ತಲೆನೋವೇ ಇಲ್ಲ.

ಗಿಡ ಕಡಿಯುವಂತಿಲ್ಲದಿದ್ದರೆ ಸಣ್ಣ, ನಡು, ದೊಡ್ಡ ಎಲೆ ಹತ್ತು ಹತ್ತು ಕೊಯ್ದು, ಒಂದೊಂದರ ಸರಾಸರಿ ವಿಸ್ತೀರ್ಣ ತೆಗೆದು, ಗಿಡದ ಮೇಲೆ ಮೂರು ಬಗೆಯವನ್ನೂ ಬೇರೆಬೇರೆ ಎಣಿಸಿ. ಶ್ರೀಗಂಧಕ್ಕೂ ಇದೇ ದಾರಿ. ಶ್ರೀಗಂಧದ ಕೊಂಬೆ ಸುಮ್ಮನೆ ಗಾಯ ಮಾಡಬಾರದು, ಮತ್ತು ಪಕ್ಕದಲ್ಲಿ ನೆಟ್ಟ ಆಸರೆ ಗಿಡದ ಎಲೆ ಅದರೊಳಗೆ ತೂರಿಕೊಂಡಿರುವುದರಿಂದ ಎಣಿಸುವ ಮೊದಲು ಕೊಂಬೆ ಬಿಡಿಸಿ ನೋಡಬೇಕು.

ಗಿಡದಿಂದ ತಾಕಿಗೆ

ಹನ್ನೆರಡು ಗಿಡದ ಎಲೆ ಮೊತ್ತಕ್ಕೂ ಬುಡದ ವ್ಯಾಸಕ್ಕೂ ಕೊಂಬೆಗೆ ಮಾಡಿದ ಹಾಗೇ ಲಾಗರಿದಮ್ ಸಮೀಕರಣ ಮಾಡಿ, ಉಳಿದ 24 ಗಿಡಗಳ ಎಲೆ ಅದರಿಂದ ತೆಗೆಯಿರಿ. ಮೂವತ್ತಾರನ್ನೂ ಕೂಡಿಸಿ 334ರಿಂದ ಭಾಗಿಸಿದರೆ ತಾಕಿನ ಸೂಚ್ಯಂಕ. ಎಕರೆಗೆ ಹೇಳುವುದಾದರೆ 4,047ರಿಂದ ಗುಣಿಸಿ. ಸರಾಸರಿ ಗಿಡದ ಎಲೆಯನ್ನು ಎಕರೆಗೆ 435 ಎಂದು ಗುಣಿಸಿದರೆ ಸತ್ತ ಗಿಡಕ್ಕೂ ಎಲೆ ಕೊಟ್ಟಂತಾಗುತ್ತದೆ.

ಕೊಂಬೆ ಕೂಡಿಕೊಂಡ ಮೇಲೆ ಫೋಟೊ

ನಾಲ್ಕನೇ ವರ್ಷ ದಾಟಿ ಸಾಲುಗಳು ಮೇಲೆ ಕೂಡಿಕೊಂಡಾಗ ಮೊಬೈಲ್ ಫೋಟೊ ಉಪಯೋಗಕ್ಕೆ ಬರುತ್ತದೆ. ನೇರ ಮೇಲಕ್ಕಲ್ಲ, ನೆಟ್ಟಗೆ ಮೇಲಿನಿಂದ 57.5 ಡಿಗ್ರಿ ವಾಲಿಸಿ, ಅಂದರೆ ನೆಲದ ಮಟ್ಟದಿಂದ 32.5 ಡಿಗ್ರಿ ಎತ್ತಿ ಹಿಡಿಯಿರಿ. ಆ ಕೋನದಲ್ಲಿ ಎಲೆ ಮಲಗಿರಲಿ, ನಿಂತಿರಲಿ ಲೆಕ್ಕಕ್ಕೆ ಹೆಚ್ಚುಕಡಿಮೆ ಒಂದೇ. ಫೋಟೊದಲ್ಲಿ ಆಕಾಶ ಕಂಡ ಪಾಲಿನ ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು, 1.07ರಿಂದ ಗುಣಿಸಿ. ಆಕಾಶ 0.15 ಪಾಲು ಕಂಡರೆ 2.03. ಸೂರ್ಯ ಹುಟ್ಟುವ ಮುನ್ನ ಅಥವಾ ಪೂರ್ತಿ ಮೋಡವಿದ್ದಾಗ ಮಾತ್ರ ತೆಗೆಯಿರಿ. ಬಿಸಿಲು ಬಿದ್ದ ಎಲೆ ಆಕಾಶದಷ್ಟೇ ಬೆಳ್ಳಗೆ ಕಾಣುತ್ತದೆ. ಈ ಲೆಕ್ಕದಲ್ಲಿ ಕಾಂಡ, ಕೊಂಬೆಯೂ ಸೇರಿರುತ್ತದೆ. ಎಲೆ ಉದುರಿದ ಫೆಬ್ರವರಿಯಲ್ಲಿ ಅದೇ ಜಾಗದಿಂದ ಮತ್ತೆ ತೆಗೆದರೆ ಕಟ್ಟಿಗೆಯ ಪಾಲು ಎಷ್ಟೆಂಬ ಅಂದಾಜು ಸಿಗುತ್ತದೆ.

ಎಲೆಗಳ ನಡುವೆ ಇಳಿದ ಬೆಳಕಿನಿಂದ ಸೂಚ್ಯಂಕ ಲೆಕ್ಕ ಹಾಕುವ ಎಲ್‌ಎಐ-2200 ಥರದ ಉಪಕರಣ ಸಿಕ್ಕವರಿಗೂ ಇದೇ ಎಚ್ಚರಿಕೆ. ಅದು ಐದು ಉಂಗುರಗಳಲ್ಲಿ, 490 ನ್ಯಾನೊಮೀಟರ್‌ಗಿಂತ ಕೆಳಗಿನ ನೀಲಿ ಬೆಳಕನ್ನು ನೋಡುತ್ತದೆ, ಎಲೆ ಆ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ. ಹೊರಗೆ ಬಯಲಿನಲ್ಲೊಂದು, ಒಳಗೆ ಸಾಲಿನ ಮೇಲೊಂದು, ಸಾಲಿನ ನಡುವೆ ಮೂರು ಹೀಗೆ ಓರೆಗೆರೆಯಲ್ಲಿ ಅಳತೆ ತೆಗೆದು, ಅಳೆಯುವವರನ್ನು ಮರೆಮಾಡುವ ಮುಚ್ಚಳ ಹಾಕಬೇಕು. ಬಂದ ಅಂಕಿಯನ್ನು ಕೈಯಿಂದ ಅಳೆದ ಒಂದು ತಾಕಿನ ಅಂಕಿಯ ಜೊತೆ ಇಟ್ಟು ನೋಡುವವರೆಗೆ ನಂಬಬೇಡಿ.

ಅಳತೆ ಎಷ್ಟು ಗಟ್ಟಿ ಎಂದು ತಿಳಿಯಲು ಹನ್ನೆರಡರಲ್ಲಿ ಎರಡು ಗಿಡವನ್ನು ಇನ್ನೊಬ್ಬರಿಂದ ಅದೇ ದಿನ, ಮೊದಲ ನೋಟ್‌ಬುಕ್ ತೋರಿಸದೆ ಮತ್ತೆ ಅಳೆಸಿ. ಮೊತ್ತದಲ್ಲಿ ಶೇ 5ರೊಳಗಿನ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಎಲೆಯ ಎಣಿಕೆ ಹೋಲಿಸಿ, ಎಣಿಕೆ ಒಂದೇ ಇದ್ದರೆ ತೊಟ್ಟಿನ ಬಳಿ ಉದ್ದ ಎಲ್ಲಿಂದ ಹಿಡಿದರೆಂದು ಕೇಳಿ. ಕತ್ತರಿಸಿದ ಕಾಗದದ ಎಲೆಗಳ ಮೇಲೆ ಗಿಡದ ಸಂಖ್ಯೆ, ದಿನಾಂಕ, ಉದ್ದ, ಅಗಲ ಬರೆದು, ಆ ದಿನದ 20 ಸೆಂ.ಮೀ. ಚೌಕದೊಂದಿಗೆ ಒಂದೇ ಲಕೋಟೆಯಲ್ಲಿಡಿ. ಮುಂದಿನ ವರ್ಷ ಗುಣಾಂಕದ ಬಗ್ಗೆ ಅನುಮಾನ ಬಂದರೆ ಎರಡನ್ನೂ ಮತ್ತೆ ತೂಗಿ ನೋಡಬಹುದು.